ಕೋರ್ಟು ಹತ್ತಿದ ರವಿಕೆ ಕಣದ ಪುಸ್ತಕ

ಕೋರ್ಟಿನ ಅಮೀನರು ಸಮನ್ಸ್ ಹಿಡಿದು ಬಂದಾಗ ನಾನು ಹಜಾರದ ನಡುವೆ ಹಳೇ ಪಂಚೆ ಹಾಸಿಕೊಂಡು ಮೂರು ಕೆಜಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಬೆಳಿಗ್ಗೆ ಹನ್ನೊಂದು ಗಂಟೆ. ಸೊಪ್ಪಿನವಳು ಹೋಗಿ ಐದು ನಿಮಿಷವಾಗಿತ್ತು. ಕೈ ತೊಳೆಯುವಷ್ಟು ವ್ಯವಧಾನವಿಲ್ಲದೆ ಸೆರಗಿಗೆ ಒರೆಸಿಕೊಂಡೇ ಅವರು ತೋರಿಸಿದ ಕಡೆ ಸಹಿ ಹಾಕಿದೆ. ಸಹಿ ಸರಿಯಾಗಿದೆಯೋ ಎಂದು ಕಾಗದವನ್ನು ಮುಖದ ಹತ್ತಿರ ತಂದುಕೊಂಡವರು ಒಂದೇ ಸಮನೆ ನಾಲ್ಕು ಸಲ ಸೀನಿದರು.

“ಏನಮ್ಮಾ ಇದು, ಸಮನ್ಸ್ ತಂದವ್ರಿಗೆಲ್ಲಾ ಹೀಗೇನಾ ಮರ್ಯಾದೆ?”

“ಅಯ್ಯೋ, ಕೂತ್ಕೊಳ್ಳಿ ಸಾರ್, ಒಂದು ಲೋಟ ಮಜ್ಜಿಗೆ ಕೊಡ್ತೀನಿ.”

ಕೊಟ್ಟೆ, ಇಂಗು ಕರಿಬೇವಿನ ಒಗ್ಗರಣೆ ಹಾಕಿ. ಅವರು ಕುಡಿದು, ಮೂಗು ಒರೆಸಿಕೊಂಡು, “ಒಳ್ಳೇ ಲಾಯರ್ ಇಟ್ಕೊಳ್ಳಿ ತಾಯಿ” ಎಂದು ಹರಸುವ ಧಾಟಿಯಲ್ಲಿ ಹೇಳಿ ಹೋದರು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲಾಗದ ಈ ರೋಗ ನಮ್ಮ ಅತ್ತೆಯವರಿಂದ ನನಗೆ ಅಂಟಿದ್ದು. ಸಮನ್ಸು ನನ್ನ ಮನೆ ಹುಡುಕಿಕೊಂಡು ಬಂದದ್ದೂ ಇದೇ ರೋಗದ ದೆಸೆಯಿಂದ ಎಂದು ತಿಳಿಯಲು ಇನ್ನೂ ಎರಡು ದಿನ ಬೇಕಾಯಿತು.

ಸಮನ್ಸಿನ ಜೊತೆಗಿದ್ದ ಕಟ್ಟಿನಲ್ಲಿ ನಾನು ಹೆಸರೇ ಕೇಳಿರದ ಒಂದು ಕಂಪನಿ ನನ್ನಿಂದ ಒಂದು ಲಕ್ಷದ ಹನ್ನೆರಡು ಸಾವಿರ ಚಿಲ್ಲರೆ ಬರಬೇಕು ಎಂದು ದಾವೆ ಹೂಡಿತ್ತು. ಹಳೆಯ ಕ್ರೆಡಿಟ್ ಕಾರ್ಡಿನ ಬಾಕಿ, ಬಡ್ಡಿ, ದಂಡ ಎಲ್ಲ ಸೇರಿ ಅಷ್ಟಂತೆ. ಬ್ಯಾಂಕಿನವರು ಆ ಬಾಕಿಯನ್ನು ಈ ಕಂಪನಿಗೆ ಮಾರಿಬಿಟ್ಟಿದ್ದರಂತೆ. ಹಳೇ ಪೇಪರು, ಹಳೇ ಪಾತ್ರೆ, ತೂತಾದ ಕುಕ್ಕರು ಮಾರುವುದು ನನಗೂ ಗೊತ್ತು. ಹಳೇ ಸಾಲವನ್ನೂ ಹೀಗೆ ತೂಕಕ್ಕೆ ಹಾಕುವವರಿದ್ದಾರೆ, ಕೊಳ್ಳುವವರೂ ಇದ್ದಾರೆ ಎಂದು ಐವತ್ತೆರಡನೇ ವಯಸ್ಸಿನಲ್ಲಿ ಕಲಿತೆ.

ಕಾರ್ಡು ನನ್ನದೇ. ಸುಳ್ಳೇಕೆ ಹೇಳಲಿ. ಎನ್.ಆರ್. ಕಾಲೋನಿಯ ನಮ್ಮ ಮನೆಯಿಂದ ನಾನು ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮಾಡಿ ಮಾರಲು ಶುರು ಮಾಡಿದ ಹೊಸತು. ಗಾಂಧಿ ಬಜಾರಿನಲ್ಲಿ ಒಂದು ಪಾತ್ರೆ ಅಂಗಡಿಯ ಮುಂದೆ ಟೈ ಕಟ್ಟಿಕೊಂಡವರೊಬ್ಬರು ಮೇಜು ಹಾಕಿಕೊಂಡು ಕೂತಿದ್ದರು. “ಜೀವಮಾನ ಪೂರ್ತಿ ಫ್ರೀ ಮೇಡಂ, ಜೊತೆಗೆ ಮೂರು ಡಬ್ಬಿಯ ಸೆಟ್ಟು” ಎಂದರು. ಡಬ್ಬಿಗಳ ಮುಚ್ಚಳ ಬಿಗಿಯಾಗಿತ್ತು. ಅದಕ್ಕೇ ಸೋತೆ. ಆ ಕಾರ್ಡಿನಲ್ಲಿ ಒಂದೇ ಒಂದು ಸಾಮಾನು ತಂದೆ, ಒಂದು ವೆಟ್ ಗ್ರೈಂಡರು. ಆರು ಕಂತಿನಲ್ಲಿ ಪೂರ್ತಿ ತೀರಿಸಿದೆ. ಆದರೆ ಪ್ರತಿ ಬಿಲ್ಲಿನಲ್ಲೂ ನಾನು ಕೇಳದ ಯಾವುದೋ ವಿಮೆಯ ಕಂತು ಇಣುಕುತ್ತಿತ್ತು. ಫೋನ್ ಮಾಡಿ ತೆಗೆಯಿರಿ ಎಂದೆ. ಮಾಡಿದೆ, ಮಾಡಿದೆ, ಅವರು ಹಾಡು ಕೇಳಿಸಿದರು, ಕೇಳಿಸಿದರು. ಒಂದು ದಿನ ರೇಗಿಹೋಗಿ ಕರಿಬೇವಿನ ಕಡ್ಡಿ ಕತ್ತರಿಸುವ ಕತ್ತರಿಯಿಂದ ಕಾರ್ಡನ್ನು ಕಚಕ್ಕನೆ ಎರಡು ಮಾಡಿದೆ. ಕಾರ್ಡು ಕತ್ತರಿಸಿದರೆ ಲೆಕ್ಕವೂ ಕತ್ತರಿಸಿದಂತೆ ಎಂದೇ ನನ್ನ ತಿಳಿವಳಿಕೆ. ಅರ್ಧ ಕಾರ್ಡು ಎಸೆದೆ. ಇನ್ನರ್ಧ ಚಪಾತಿ ಮಣೆಗೆ ಅಂಟಿದ ಹಿಟ್ಟು ಕೆರೆಯಲು ಎಷ್ಟು ಹದವಾಗಿತ್ತೆಂದರೆ ಇವತ್ತಿಗೂ ಅಡುಗೆಮನೆಯಲ್ಲೇ ಇದೆ.

ಸಂಜೆ ನಮ್ಮನೆಯವರು ತರಗುಪೇಟೆಯಿಂದ ಬಂದರು. ಅಲ್ಲಿ ಅವರದು ಬೇಳೆಕಾಳಿನ ದಲ್ಲಾಳಿ ಅಂಗಡಿ. ಕಟ್ಟನ್ನು ಪುಟ ಪುಟವಾಗಿ ಓದಿ ಕನ್ನಡಕ ತೆಗೆದರು.

“ಕಾರ್ಡ್ ಕಟ್ ಮಾಡ್ದೆ ಅಂದ್ಯಲ್ಲ. ಬ್ಯಾಂಕಿಗೆ ಬರೆದು ಕೊಟ್ಯಾ?”

“ಕಟ್ ಮಾಡಿದ್ದೀನಲ್ಲ, ಮತ್ತೆ ಬರೆಯೋದೇನು?”

“ಸರಿ. ನಾಳೆ ನಾನೂ ಅಂಗಡಿ ಬೋರ್ಡು ಗರಗಸದಲ್ಲಿ ಕುಯ್ದುಬಿಡ್ತೀನಿ. ತೆರಿಗೆಯವ್ರು ಬರೋದೇ ಇಲ್ಲ.”

ನಗಲಿ ಪಾಪ. ಅವರು ನಗುವಾಗ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಎಂಟು ವರ್ಷ ಪುಡಿ ಮಾರಿ ನಾನು ಠೇವಣಿಯಲ್ಲಿಟ್ಟಿದ್ದು ಒಂದು ಲಕ್ಷದ ಇಪ್ಪತ್ತು ಸಾವಿರ. ಪುಡಿ ಮಾಡುವ ಸ್ವಂತ ಮಷೀನು ತರಬೇಕೆಂದು. ಗಿರಣಿಯಲ್ಲಿ ನನ್ನ ಹುಳಿ ಪುಡಿಗೆ ಮುಂಚೆ ಯಾರೋ ಅರಿಶಿನ ಹಾಕಿಸಿರುತ್ತಾರೆ, ಇಲ್ಲವೇ ಸೀಗೆಕಾಯಿ. ಒಂದು ಸಲ ಜಯನಗರದ ಗಿರಾಕಿಯೊಬ್ಬರು ಫೋನ್ ಮಾಡಿ, “ನಿಮ್ಮ ಹುಳಿ ಪುಡೀಲಿ ತಲೆ ತೊಳ್ಕೋಬಹುದಾ?” ಎಂದು ಬಹಳ ಸೌಜನ್ಯದಿಂದ ಕೇಳಿದ್ದರು. ಅವತ್ತೇ ಶಪಥ ಮಾಡಿದ್ದೆ. ಈಗ ಕೇಸು ಸೋತರೆ ಮಷೀನೂ ಹೋಯಿತು, ಎಂಟು ವರ್ಷವೂ ಹೋಯಿತು. ಮತ್ತೆ ಗಿರಣಿಯ ಮುಂದೆ ಸೀಗೆಕಾಯಿಯವರ ಹಿಂದೆ ಚೀಲ ಹಿಡಿದು ನಿಲ್ಲಬೇಕು.

ಬಸವನಗುಡಿಯಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಕೂರುವ ವಕೀಲರಿದ್ದಾರೆ, ವಯಸ್ಸಾದವರು. ಅವರ ಮನೆಗೆ ತಿಂಗಳಿಗೆ ಅರ್ಧ ಕೆಜಿ ಸಾರಿನ ಪುಡಿ ಹೋಗುವುದು ನನ್ನಿಂದಲೇ. ಕಟ್ಟು ತೆಗೆದುಕೊಂಡು ಹೋದೆ. ಅರ್ಧ ಕಾರ್ಡನ್ನೂ ತೊಳೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೆ. ಅವರು ಅದನ್ನು ಬೆಳಕಿಗೆ ಹಿಡಿದರು.

“ಇದೇನಮ್ಮ ಬಿಳೀದು?”

“ಚಪಾತಿ ಹಿಟ್ಟು ಸಾರ್. ಎಷ್ಟು ತೊಳೆದ್ರೂ ಸಂದೀಲಿ ಇರತ್ತೆ.”

ಅವರು ಅದನ್ನು ಮೇಜಿನ ಅಂಚಿಗೆ ಸರಿಸಿ ಕಾಗದ ಓದಿದರು. ಆಮೇಲೆ ನನಗೆ ಅರ್ಥವಾಗುವ ಹಾಗೆ ಹೇಳಿದರು. “ನೋಡಿ, ಇಂಥ ಬಾಕಿಗೆ ಮೂರು ವರ್ಷದ ಗಡುವು. ನೀವು ಕಡೇ ಸಲ ದುಡ್ಡು ಕಟ್ಟಿದ ಮೇಲೆ ಮೂರು ವರ್ಷದೊಳಗೆ ಅವ್ರು ಕೋರ್ಟಿಗೆ ಬರಬೇಕಿತ್ತು. ಬಂದಿರೋದು ಐದು ವರ್ಷ ಆದ್ಮೇಲೆ.”

“ಹಾಗಾದ್ರೆ ಗೆದ್ವಾ ಸಾರ್?”

“ಏಳ್ಬೇಡಿ, ಕೂತ್ಕೊಳ್ಳಿ. ಮಧ್ಯದಲ್ಲಿ ಸಾಲದ ಬಾಬ್ತು ಅಂತ ಒಂದೇ ರೂಪಾಯಿ ಕಟ್ಟಿ ಸಹಿ ಹಾಕಿದ್ರೂ ಆ ಮೂರು ವರ್ಷ ಮತ್ತೆ ಮೊದಲಿಂದ ಶುರು ಆಗತ್ತೆ. ನೀವು ಕಟ್ಟಿದೀರ.”

“ನಾನಾ? ಒಂದು ಕಾಸೂ ಕಟ್ಟಿಲ್ಲ.”

ಅವರು ಒಂದು ಚೀಟಿಯ ನಕಲು ನನ್ನ ಕಡೆ ತಿರುಗಿಸಿದರು. ಕಂಪನಿಯ ವಸೂಲಿಯವರು ಮನೆಗೆ ಭೇಟಿ ಕೊಟ್ಟ ಚೀಟಿ. ಭಾಗಶಃ ಪಾವತಿ ಐವತ್ತೊಂದು ರೂಪಾಯಿ. ಕೆಳಗೆ ನನ್ನದೇ ಸಹಿ, ಬಾಲ ಸಮೇತ. ತಾರೀಖು ನೋಡಿದೆ. ಕಾರ್ಡು ಕತ್ತರಿಸಿದ ಮೇಲಿನ ಮೂರನೇ ಶ್ರಾವಣ, ಶುಕ್ರವಾರ.

“ಸಾರ್,” ಎಂದೆ, “ಇದು ವರಮಹಾಲಕ್ಷ್ಮಿ ಹಬ್ಬ.”

ಎಲ್ಲ ನೆನಪಾಯಿತು. ಅವತ್ತು ಸಂಜೆ ಬಂದವರೆಲ್ಲ ಹೋಗಿ, ನಾನು ಕಾಲು ಚಾಚಿ ಕೂತ ಹೊತ್ತಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಒಬ್ಬ ಹುಡುಗಿ ಬಂದಿದ್ದಳು, ಇಪ್ಪತ್ತೆರಡು ಇಪ್ಪತ್ಮೂರರವಳು. “ಕಾರ್ಡಿನ ವಿಷಯ ಆಂಟಿ” ಎಂದಳು. ಆ ವಿಮೆ ದುಡ್ಡು ನಾನು ಕೊಡುವುದಿಲ್ಲ ಎಂದು ನಿಮ್ಮವರಿಗೆ ಹೇಳು ಎಂದೆ. “ಸರಿ ಆಂಟಿ” ಎಂದು ತಲೆ ಆಡಿಸಿದಳು. ಬಂದ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಹಬ್ಬದ ದಿನ, ದೀಪ ಹಚ್ಚಿದ ಹೊತ್ತಿನಲ್ಲಿ, ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸುವುದುಂಟೆ? ಒಳಗೆ ಕರೆದು ಒಬ್ಬಟ್ಟು ಕೊಟ್ಟು, ಅರಿಶಿನ ಕುಂಕುಮ ಕೊಟ್ಟು, ವೀಳ್ಯದೆಲೆ, ಕಾಯಿ, ರವಿಕೆ ಕಣದ ತಾಂಬೂಲ ಕೊಟ್ಟೆ. ತಾಂಬೂಲಕ್ಕೆ ಹನ್ನೊಂದು ರೂಪಾಯಿ ಇಡುವುದು ನಮ್ಮ ಮನೆ ಪದ್ಧತಿ. ಹತ್ತರ ನೋಟು ಮುಗಿದುಹೋಗಿತ್ತು. ಐವತ್ತರದು ಒಂದು ಇತ್ತು, ಮೇಲೊಂದು ರೂಪಾಯಿಯ ನಾಣ್ಯ. ಹೋಗುವಾಗ ಅವಳು, “ನಾನು ಬಂದಿದ್ದೆ ಅನ್ನೋದಕ್ಕೆ ಒಂದು ಸೈನ್ ಆಂಟಿ” ಎಂದು ಚೀಟಿ ಹಿಡಿದಳು. ಕನ್ನಡಕ ದೇವರ ಮುಂದಿತ್ತು. ಕಾಣದಿದ್ದರೂ ಹಾಕಿದೆ.

ವಕೀಲರು ಎಲ್ಲ ಕೇಳಿ ಚೀಟಿ ಕೆಳಗಿಟ್ಟರು. “ನಾನು ನಲವತ್ತು ವರ್ಷದಿಂದ ಕೋರ್ಟಿಗೆ ಹೋಗ್ತಿದೀನಿ. ತಾಂಬೂಲದ ದಕ್ಷಿಣೆಯನ್ನ ಸಾಲಕ್ಕೆ ಜಮಾ ಮಾಡ್ಕೊಂಡಿದ್ದು ಇದೇ ಮೊದಲು. ಆದ್ರೆ ಬರೀ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಏನಾದ್ರೂ ದಾಖಲೆ ಇದ್ಯಾ?”

ಇತ್ತು. ಇದ್ದದ್ದೇ ಪೇಚು.

ರವಿಕೆ ಕಣದ ಸಂಗತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಹಬ್ಬ, ಸೀಮಂತ, ಗೃಹಪ್ರವೇಶ, ಎಲ್ಲಿಗೆ ಹೋದರೂ ತಾಂಬೂಲದಲ್ಲಿ ಒಂದು ಕಣ, ಎಂದರೆ ಒಂದು ರವಿಕೆಗಾಗುವಷ್ಟು ಬಟ್ಟೆ, ಬರುತ್ತದೆ. ಯಾರೂ ಹೊಲಿಸುವುದಿಲ್ಲ. ಒಂದಕ್ಕೆ ಬಣ್ಣ ಹೊಂದದು, ಇನ್ನೊಂದಕ್ಕೆ ಅಳತೆ ಸಾಲದು. ಮಡಿಕೆ ಕೆಡದಂತೆ ಬೀರುವಿನಲ್ಲಿಟ್ಟು ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ದಾಟಿಸುತ್ತೇವೆ. ಹೀಗೆ ಒಂದೊಂದು ಕಣವೂ ಮಲ್ಲೇಶ್ವರದಿಂದ ಚಾಮರಾಜಪೇಟೆಗೆ, ಅಲ್ಲಿಂದ ಬಸವನಗುಡಿಗೆ, ಸಿಟಿ ಬಸ್ಸಿಗಿಂತ ಹೆಚ್ಚು ತಿರುಗಿರುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇದರಲ್ಲಿ ಕ್ಷಮೆಯಿಲ್ಲದ ತಪ್ಪು ಒಂದೇ: ಕೊಟ್ಟವರಿಗೇ ಅವರ ಕಣವನ್ನು ವಾಪಸು ಕೊಡುವುದು. ಮದುವೆಯಾದ ಮೂರನೇ ವರ್ಷ ನಾನು ಆ ತಪ್ಪು ಮಾಡಿ, ನಮ್ಮ ಸೋದರತ್ತೆಯೊಬ್ಬರು ಎರಡು ವರ್ಷ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ಅವತ್ತಿನಿಂದ ಒಂದು ಉದ್ದ ನೋಟ್‌ಬುಕ್ಕು ಇಟ್ಟಿದ್ದೇನೆ. ಯಾವ ಕಣ ಯಾರಿಂದ ಬಂತು, ಯಾರಿಗೆ ಹೋಯಿತು, ಜೊತೆಗೆ ನನ್ನ ಒಂದೆರಡು ಷರಾ. ಅದು ಬೀರುವಿನಲ್ಲಿ ಸೀರೆಗಳ ಕೆಳಗಿರುತ್ತದೆ. ನಮ್ಮನೆಯವರೂ ನೋಡಿರಲಿಲ್ಲ.

ಮನೆಗೆ ಓಡಿಬಂದು ಆ ವರ್ಷದ ಪುಟ ತೆಗೆದೆ. ಇತ್ತು.

“ಕಾರ್ಡಿನ ಹುಡುಗಿ. ಸಂಜೆ ಆರೂ ಕಾಲು. ಹಸಿರು, ಜರಿ ಅಂಚು (ಅಕ್ಕ ಕೊಟ್ಟದ್ದು, ಬಣ್ಣ ಬಿಡುವಂತಿದೆ, ದೂರದವರಿಗೆ ದಾಟಿಸುವುದು). ಕಾಯಿ ಒಂದು. ಚಿಲ್ಲರೆ ಇಲ್ಲ, 51 ಇಟ್ಟೆ. ಒಬ್ಬಟ್ಟು ಎರಡು ತಿಂದಳು.”

ಒಬ್ಬಟ್ಟಿನವರೆಗೂ ಓದಿ ಹಿಗ್ಗಿದವಳು ಆವರಣದೊಳಗಿನದನ್ನು ಮತ್ತೊಮ್ಮೆ ಓದಿ ಕುಗ್ಗಿದೆ. ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. ಚಾಮರಾಜಪೇಟೆಯಲ್ಲಿದ್ದಾರೆ. ಬಟ್ಟೆ ಆರಿಸುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ಊರೆಲ್ಲ ಒಪ್ಪಿದೆ. ಒಪ್ಪದಿದ್ದರೆ ಅವರು ಒಪ್ಪಿಸುತ್ತಾರೆ.

“ಸಾರ್,” ಎಂದು ಮರುದಿನ ವಕೀಲರನ್ನು ಕೇಳಿದೆ, “ಆವರಣದಲ್ಲಿರೋದನ್ನ ಮಾತ್ರ ಮುಚ್ಚಿಟ್ಟು ತೋರಿಸ್ಬಹುದಾ?”

“ತಿದ್ದಿದ ದಾಖಲೆ ಅಂತ ಬಿಸಾಕ್ತಾರೆ. ನಿಮಗೆ ಮಷೀನ್ ಬೇಕಾ, ಓರಗಿತ್ತಿ ಬೇಕಾ?”

ಪ್ರಶ್ನೆ ಸುಲಭವಿರಲಿಲ್ಲ. ಮೂರು ದಿನ ಯೋಚಿಸಿದೆ. ಆ ಮೂರು ದಿನದಲ್ಲಿ ಒಂದು ದಿನ ಗಿರಣಿಗೆ ಹೋಗಬೇಕಾಯಿತು. ನನ್ನ ಮುಂದಿನವರು ಮೂರು ಡಬ್ಬಿ ಸೀಗೆಕಾಯಿ ತಂದಿದ್ದರು. ಪುಸ್ತಕ ವಕೀಲರ ಕೈಗೆ ಕೊಟ್ಟುಬಂದೆ.

ಅಕ್ಕ ಕೋರ್ಟಿಗೆ ಬರದಿದ್ದರೆ ಸಾಕಲ್ಲ ಎಂಬುದು ನನ್ನ ಎಣಿಕೆ. ಕೇಸಿನ ವಿಷಯ ಅವರಿಗೆ ತಿಳಿಸಲೇ ಇಲ್ಲ. ನಮ್ಮನೆಯವರು ಭಾವನವರಿಗೆ ತಿಳಿಸಿದರು. ಕಾಲು ಗಂಟೆಯೊಳಗೆ ಫೋನು ಬಂತು.

“ಏನೇ, ಕೋರ್ಟು ಕಚೇರಿ ಅಂತ ಅಲೀತಿದೀಯಂತೆ, ನಂಗೊಂದು ಮಾತು ಹೇಳ್ಬಾರ್ದಾ? ಒಬ್ಳೇ ಹೋಗ್ತೀಯಾ? ನಾನೂ ಬರ್ತೀನಿ.”

“ಬೇಡ ಅಕ್ಕ, ಅಲ್ಲಿ ಕೂರೋಕೂ ಜಾಗ ಇರಲ್ಲ.”

“ನಿಂತ್ಕೋತೀನಿ.”

“ಶೌಚಾಲಯ ಸರಿಯಿಲ್ವಂತೆ.”

“ಕಾಫಿ ಕುಡೀದೆ ಬರ್ತೀನಿ. ನೀನು ಸುಮ್ನಿರು.”

ಅಕ್ಕ ಕಾಫಿ ಬಿಟ್ಟು ಬರುತ್ತೇನೆ ಎಂದ ಮೇಲೆ ತಡೆಯುವವರು ಯಾರು? ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ, ಬೀಸಣಿಗೆ ಸಮೇತ ಬಂದರು.

ಸಣ್ಣ ಮೊಬಲಗಿನ ದಾವೆಗಳ ಕೋರ್ಟು. ನಾನು ನೆನೆಸಿಕೊಂಡಷ್ಟು ಭಯಂಕರವಾಗಿರಲಿಲ್ಲ. ನಮ್ಮ ರೇಷನ್ ಅಂಗಡಿಯ ಸಾಲಿಗೆ ಕಪ್ಪು ಕೋಟು ತೊಡಿಸಿದ ಹಾಗಿತ್ತು. ನ್ಯಾಯಾಧೀಶರು ಹೆಂಗಸು, ನನ್ನ ವಯಸ್ಸಿನವರೇ. ಮೊದಲ ನಾಲ್ಕು ವಾಯಿದೆ ಏನೂ ಆಗಲಿಲ್ಲ. ಒಂದು ಸಲ ಅವರ ವಕೀಲರು ಬರಲಿಲ್ಲ, ಒಂದು ಸಲ ನಮ್ಮವರಿಗೆ ನೆಗಡಿ, ಒಂದು ಸಲ ಕಡತ ಸಿಗಲಿಲ್ಲ, ಇನ್ನೊಂದು ಸಲ ಎಲ್ಲ ಇದ್ದೂ ಹೊತ್ತಾಗಿಹೋಯಿತು. ಅಕ್ಕ ನಾಲ್ಕೂ ಸಲ ಬಂದರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರ ವಿಚ್ಛೇದನ, ಬಾಡಿಗೆ ಜಗಳ ಎಲ್ಲಕ್ಕೂ ತೀರ್ಪು ಕೊಟ್ಟು ಚಿತ್ರಾನ್ನ ಹಂಚಿದರು.

ಐದನೇ ವಾಯಿದೆಗೆ ಕಂಪನಿಯ ಅಧಿಕಾರಿ ಸಾಕ್ಷಿ ಹೇಳಿದರು. ಚೀಟಿ ತೋರಿಸಿ ಐವತ್ತೊಂದು ರೂಪಾಯಿ ಬಂದಿದೆ ಎಂದರು. ನಮ್ಮ ವಕೀಲರು ನಿಧಾನವಾಗಿ ಎದ್ದರು.

“ಸ್ವಾಮಿ, ಲಕ್ಷ ರೂಪಾಯಿ ಬಾಕಿಗೆ ಐವತ್ತೊಂದು ಕಟ್ಟಿದ್ರು ಅಂತೀರಿ. ಆ ಒಂದು ರೂಪಾಯಿ ಯಾಕೆ?”

“ಅದು... ಗಿರಾಕಿ ಎಷ್ಟು ಕೊಟ್ರೆ ಅಷ್ಟು ತಗೋತೀವಿ.”

“ನಿಮ್ಮ ಕಂಪನಿಗೆ ಬೇರೆ ಯಾರಾದ್ರೂ ಮೇಲೊಂದು ರೂಪಾಯಿ ಇಟ್ಟು ಕಟ್ಟಿದಾರಾ?”

“ನೋಡಿ ಹೇಳ್ಬೇಕು.”

“ಇನ್ನೇನೂ ಕೇಳೋದಿಲ್ಲ” ಎಂದು ನಮ್ಮವರು ಕೂತರು. ನ್ಯಾಯಾಧೀಶರು ಬರೆಯುವುದನ್ನು ಕ್ಷಣ ನಿಲ್ಲಿಸಿ ಚೀಟಿಯನ್ನು ಇನ್ನೊಮ್ಮೆ ನೋಡಿದ್ದನ್ನು ನಾನು ಕಂಡೆ.

ಮುಂದಿನ ಸಲ ನನ್ನ ಸರದಿ. ಕಟಕಟೆ ಹತ್ತಿದೆ. ಪುಸ್ತಕಕ್ಕೆ ಬೆಂಚ್ ಕ್ಲರ್ಕು ಗುರುತಿನ ಮೊಹರು ಒತ್ತಿದರು. ಅದರ ರಟ್ಟಿನ ಎಣ್ಣೆ ಕಲೆ ಅವರ ಬೆರಳಿಗೂ ಹತ್ತಿತು. ನಾನು ನಡೆದದ್ದು ಹೇಳಿದೆ. ಬೇಕಾದ ಸಾಲುಗಳನ್ನಷ್ಟೇ ನಮ್ಮ ವಕೀಲರು ಓದಿದರು. ಅಬ್ಬ, ಪಾರಾದೆ ಎಂದುಕೊಳ್ಳುವಾಗ ಕಂಪನಿಯ ವಕೀಲರು ಎದ್ದರು. ವಯಸ್ಸು ಚಿಕ್ಕದು, ಕೋಟು ಹೊಸದು.

“ಇದು ಲೆಕ್ಕದ ಪುಸ್ತಕಾನಾ ಮೇಡಂ? ಇದನ್ನ ಕೋರ್ಟು ನಂಬಬೇಕಾ? ಇದರಲ್ಲಿ ಏನೇನಿದೆ ಅಂತ ನಾನೇ ಓದ್ತೀನಿ.”

“ಬೇಡ ಸಾರ್” ಎಂದೆ. ಅಷ್ಟು ಮನಸಾರೆ ನಾನು ಯಾರನ್ನೂ ಬೇಡಿಕೊಂಡಿಲ್ಲ. ಅವರು ಅದನ್ನು ಸೋಲಿನ ಲಕ್ಷಣ ಎಂದುಕೊಂಡು ಇನ್ನೂ ಉತ್ಸಾಹದಿಂದ ಗಂಟಲು ಸರಿಮಾಡಿಕೊಂಡರು.

“ಎದುರು ಮನೆಯವರು. ಗುಲಾಬಿ. ಗೃಹಪ್ರವೇಶಕ್ಕೆ ನಾವು ಕೊಟ್ಟ ಬೆಳ್ಳಿ ಲೋಟಕ್ಕೆ ಇದೇ ಉತ್ತರ.” ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. “ಲಾಯರ್ ಹೆಂಡತಿ. ಕಾಫಿ ಬಣ್ಣ. ಅವರಿಗೂ ಯಾರೋ ಕೊಟ್ಟದ್ದೇ, ಬೆಲೆ ಚೀಟಿ ಕಿತ್ತ ಗುರುತಿದೆ.” ನಮ್ಮ ವಕೀಲರು ಚಾವಣಿ ನೋಡತೊಡಗಿದರು. “ಆಮೇಲೆ ಈ ಹುಡುಗಿ. ಹಸಿರು, ಜರಿ ಅಂಚು. ಅಕ್ಕ ಕೊಟ್ಟದ್ದು. ಬಣ್ಣ ಬಿಡುವಂತಿದೆ. ದೂರದವರಿಗೆ ದಾಟಿಸುವುದು.”

ಬೀಸಣಿಗೆಯ ಸದ್ದು ನಿಂತಿತು. ನಾನು ತಲೆ ಎತ್ತಲಿಲ್ಲ.

“ಇಂಥ ಹರಟೆ ಪುಸ್ತಕವನ್ನ ಯಾವಾಗ ಬೇಕಾದ್ರೂ ಬರ್ಕೋಬಹುದು” ಎಂದು ವಕೀಲರು ಮುಗಿಸಿದರು. “ಕೇಸಿಗೋಸ್ಕರ ಆಮೇಲೆ ಸೃಷ್ಟಿ ಮಾಡಿದ್ದು ಅಂತ ಹೇಳ್ತೀನಿ.”

ನ್ಯಾಯಾಧೀಶರು ಕೈ ಚಾಚಿ ಪುಸ್ತಕ ತರಿಸಿಕೊಂಡು ಹಿಂದೆ ಮುಂದೆ ತಿರುವಿದರು. ಒಂದು ಪುಟದಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತರು. ಆಮೇಲೆ ಕೇಳಿದರು: “ಅಕ್ಕ ಅಂದ್ರೆ ಯಾರಮ್ಮ?”

“ಓರಗಿತ್ತಿ, ಮೇಡಂ.”

“ಎಲ್ಲಿದಾರೆ?”

ನಾನು ಹಿಂದಿನ ಬೆಂಚಿನ ಕಡೆ ಬೆರಳು ತೋರಿಸಿದೆ. ಅಕ್ಕ ಎದ್ದು ನಿಂತು ಕೈ ಮುಗಿದರು. ಮುಖ ನೋಡಲಾಗಲಿಲ್ಲ.

“ವಕೀಲರೇ,” ಎಂದರು ನ್ಯಾಯಾಧೀಶರು, “ಕೇಸಿಗೋಸ್ಕರ ಸೃಷ್ಟಿ ಮಾಡೋರು ಇದನ್ನೆಲ್ಲಾ ಬರೀತಾರಾ? ಅದೂ ಓರಗಿತ್ತಿನ ಜೊತೇಲಿ ಕರ್ಕೊಂಡು ಬರೋರು? ಆ ಚೀಟಿ ಬರೆದ ಹುಡುಗಿ ಎಲ್ಲಿ?”

ಕೆಲಸ ಬಿಟ್ಟಿದ್ದಾಳೆ ಎಂದರು. ಹುಡುಕಿ ಕರೆಸಿ ಎಂದು ಆದೇಶವಾಯಿತು.

ವಾಪಸು ಇಬ್ಬರೂ ಒಂದೇ ಆಟೋದಲ್ಲಿ ಬಂದೆವು. ಚಾಮರಾಜಪೇಟೆಯಲ್ಲಿ ಇಳಿಯುವಾಗ ಅಕ್ಕ ಒಂದು ಕಾಲು ಕೆಳಗಿಟ್ಟು ಕೇಳಿದರು: “ಬಣ್ಣ ಬಿಡತ್ತೆ ಅಂತ ಒಗೆದು ನೋಡಿದ್ಯಾ?”

“ಇಲ್ಲ ಅಕ್ಕ.”

“ಒಗೀದೇ ಬರೆದೆ.”

“ಹೂಂ.”

“ಸರಿ. ಮುಂದಿನ ವಾಯಿದೆ ಯಾವತ್ತು?”

“ನೀವು ಬರ್ಬೇಕು ಅಂತೇನಿಲ್ಲ ಅಕ್ಕ...”

“ನಾನು ಬರೋದು ನಿನಗೋಸ್ಕರ ಅಲ್ಲ.”

ಚಿತ್ರಾನ್ನದ ಡಬ್ಬಿಯನ್ನು ನನ್ನ ಮಡಿಲಲ್ಲೇ ಬಿಟ್ಟು ಹೋದರು. ಆ ಡಬ್ಬಿ ತೊಳೆದಿಟ್ಟು ಐದು ವಾರ ನೋಡುತ್ತಿದ್ದೆ. ಫೋನು ಬರಲಿಲ್ಲ. ದಿನ ಬಿಟ್ಟು ದಿನ ಬರುತ್ತಿದ್ದ ಫೋನದು. “ಕೇಸು ಗೆಲ್ತೀಯ ಬಿಡು” ಎಂದು ನಮ್ಮನೆಯವರು ಸಮಾಧಾನ ಹೇಳಿದರು. ಗೆದ್ದು ಮಷೀನು ತಂದು, ಹೊಸ ಪುಡಿಯ ಮೊದಲ ಪೊಟ್ಟಣ ಕೊಡಲು ಅಕ್ಕನೇ ಇಲ್ಲದಿದ್ದರೆ ಏನು ಗೆದ್ದ ಹಾಗಾಯಿತು ಎಂದು ಅವರಿಗೆ ಹೇಳಿದರೆ ಅರ್ಥವಾಗುತ್ತಿರಲಿಲ್ಲ.

ಹುಡುಗಿ ಬಂದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಈಗ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ. ನನ್ನನ್ನು ಕಂಡು ಕಟಕಟೆಯಿಂದಲೇ, “ಚೆನ್ನಾಗಿದೀರಾ ಆಂಟಿ?” ಎಂದಳು. ಬೆಂಚ್ ಕ್ಲರ್ಕು ಗದರಿದರು. ಅಕ್ಕ ಆಗಲೇ ಹಿಂದಿನ ಬೆಂಚಿನಲ್ಲಿದ್ದರು, ಅದೇ ಬೆಂಚಿನಲ್ಲಿ ಕೂತ ನನ್ನಿಂದ ಎರಡು ಮಾರು ದೂರ, ಕೈಯಲ್ಲಿ ಬೀಸಣಿಗೆ ಮಾತ್ರ.

ನ್ಯಾಯಾಧೀಶರೇ ಕೇಳಿದರು. “ಇವರು ನಿನಗೆ ಐವತ್ತೊಂದು ರೂಪಾಯಿ ಕೊಟ್ರಾ?”

“ಹೌದು ಮೇಡಂ.”

“ಸಾಲಕ್ಕೆ ಅಂತ ಹೇಳಿ ಕೊಟ್ರಾ?”

“ಇಲ್ಲ ಮೇಡಂ. ಬೇಡ ಅನ್ಬಾರ್ದು ತಗೋಮ್ಮ ಅಂದ್ರು. ಕಾಯಿ ಮೇಲಿತ್ತು ದುಡ್ಡು. ಸಾಲದ ದುಡ್ಡು ಕೊಡಲ್ಲ ಅಂತ ಮೊದ್ಲೇ ಹೇಳಿದ್ರು.”

“ಮತ್ತೆ ಪಾವತಿ ಅಂತ ಯಾಕೆ ಬರೆದೆ?”

“ಖಾಲಿ ಕೈಲಿ ಬರ್ಬೇಡ ಅಂದಿದ್ರು ಮೇಡಂ ಆಫೀಸಲ್ಲಿ. ಅವತ್ತು ಏಳು ಮನೆ ಹತ್ತಿ ಇಳಿದಿದ್ದೆ, ಎಲ್ಲೂ ಏನೂ ಸಿಕ್ಕಿರ್ಲಿಲ್ಲ. ಸೈನ್ ಇತ್ತಲ್ಲ, ಬಸ್ ಸ್ಟಾಪಲ್ಲಿ ಕೂತು ಐವತ್ತೊಂದು ಅಂತ ತುಂಬಿ ಕಟ್ಬಿಟ್ಟೆ.” ಅವಳು ನನ್ನ ಕಡೆ ನೋಡಿದಳು. “ಹಿಂಗಾಗತ್ತೆ ಅಂತ ಗೊತ್ತಿರ್ಲಿಲ್ಲ ಆಂಟಿ.”

ನ್ಯಾಯಾಧೀಶರು ಕಂಪನಿಯ ಅಧಿಕಾರಿಯ ಕಡೆ ತಿರುಗಿದರು. “ದುಡ್ಡು ಜಮಾ ಆಯ್ತು. ತೆಂಗಿನಕಾಯಿ ಯಾವ ಲೆಕ್ಕಕ್ಕೆ ಹೋಯ್ತು?”

ಕೋರ್ಟೆಲ್ಲ ನಕ್ಕಿತು. ಆದರೆ ಹೊಸ ಕೋಟಿನ ವಕೀಲರು ಬಿಡಲಿಲ್ಲ. ಹುಡುಗಿ ಈಗ ಆಂಟಿಯ ಮೇಲಿನ ಮರುಕಕ್ಕೆ ಹೀಗೆ ಹೇಳುತ್ತಿದ್ದಾಳೆ ಎಂದು ತೋರಿಸಬೇಕಿತ್ತೇನೋ.

“ತಾಂಬೂಲ ಕೊಟ್ರು ಅಂತೀಯ. ಅದರಲ್ಲಿ ಬ್ಲೌಸ್ ಪೀಸ್ ಇತ್ತಾ? ಯಾವ ಬಣ್ಣ ನೆನಪಿದ್ಯಾ ನಿನಗೆ?”

“ನೆನಪಿಲ್ದೆ ಏನ್ ಸಾರ್. ಎಲೆ ಹಸಿರು, ಜರಿ ಬಾರ್ಡರ್ರು. ಹೊಲಿಸ್ಕೊಂಡೆ. ನಮ್ಮಕ್ಕನ ಮದ್ವೇಲಿ ಹಾಕಿದ್ದೆ. ಈಗ್ಲೂ ಹಾಕ್ತೀನಿ.”

“ಹೊಲಿಸ್ಕೊಂಡ್ಯಾ?” ಎಂದು ಕೇಳಿದ್ದು ವಕೀಲರಲ್ಲ. ನ್ಯಾಯಾಧೀಶರು. ಅವರ ದನಿಯಲ್ಲಿ ನಿಜವಾದ ಬೆರಗಿತ್ತು. ಅದು ಅವರ ಬೀರುವಿನಿಂದ ಬಂದ ಬೆರಗು ಎಂದು ನನಗೆ ಅನುಮಾನ.

“ಹೂಂ ಮೇಡಂ.”

ಆಗ ಹಿಂದಿನ ಬೆಂಚಿನಿಂದ ದನಿಯೊಂದು ಬಂತು. “ಬಣ್ಣ ಬಿಡ್ತೇನಮ್ಮಾ?”

ಅಕ್ಕ ಎದ್ದು ನಿಂತಿದ್ದರು. ಬೆಂಚ್ ಕ್ಲರ್ಕು, “ಏಯ್, ಯಾರ್ರೀ ಅದು, ಕೂತ್ಕೊಳ್ಳಿ!” ಎಂದರು. ಅಷ್ಟರಲ್ಲಿ ಹುಡುಗಿ ಉತ್ತರ ಕೊಟ್ಟಾಗಿತ್ತು.

“ಒಂದು ಚೂರೂ ಇಲ್ಲ ಅಮ್ಮಾ! ಎಷ್ಟು ಸಲ ಒಗೆದಿದೀನಿ. ನಾನೀಗ ಬಟ್ಟೆ ಅಂಗಡೀಲೇ ಇರೋದು, ಅಂಥ ಬಟ್ಟೆ ಈಗ ಬರೋದೇ ಇಲ್ಲ.”

ಅಕ್ಕ ಕೂತರು. ಬೀಸಣಿಗೆ ಮತ್ತೆ ಆಡತೊಡಗಿತು, ನಿಧಾನವಾಗಿ, ಬಹಳ ಗಾಂಭೀರ್ಯದಿಂದ. ಒಂದು ನಿಮಿಷ ಬಿಟ್ಟು ಅದರ ಗಾಳಿ ನನ್ನ ಕೆನ್ನೆಗೂ ತಾಗಿತು. ನೋಡಿದರೆ ಅಕ್ಕ ಎರಡು ಮಾರು ಸರಿದು ನನ್ನ ಪಕ್ಕಕ್ಕೇ ಬಂದಿದ್ದರು.

“ಷರಾ ಬರೆಯೋಳು ನೋಡು” ಎಂದರು, ಎದುರು ನೋಡುತ್ತಲೇ.

ತೀರ್ಪು ಮುಂದಿನ ತಿಂಗಳು ಬಂತು. ನಮ್ಮ ವಕೀಲರು ಕನ್ನಡದಲ್ಲಿ ತಿಳಿಸಿ ಹೇಳಿದರು. ಹಬ್ಬದ ತಾಂಬೂಲದಲ್ಲಿ ಇಟ್ಟ ಹಣ ಸಾಲದ ಪಾವತಿಯಾಗುವುದಿಲ್ಲ, ಅದನ್ನು ಬಿಟ್ಟರೆ ದಾವೆ ಗಡುವು ಮೀರಿ ಬಂದದ್ದು, ಆದ್ದರಿಂದ ವಜಾ. ನಾನು ಅವರಿಗೆ ಫೀಜಿನ ಜೊತೆ ಒಂದು ಕೆಜಿ ಸಾರಿನ ಪುಡಿ ಕೊಟ್ಟೆ. ತೆಗೆದುಕೊಂಡು, “ಕಾಫಿ ಬಣ್ಣದ್ದಕ್ಕೆ ಬೆಲೆ ಚೀಟಿ ಕಿತ್ತ ಗುರುತಿತ್ತು ಅನ್ನೋದನ್ನ ನಮ್ಮ ಮನೇಲಿ ಹೇಳಿಲ್ಲ” ಎಂದರು. “ಅದಕ್ಕೆ ಬೇರೆ ಫೀಜು.” ಇನ್ನರ್ಧ ಕೆಜಿ ಕೊಟ್ಟೆ.

ಠೇವಣಿ ಮುರಿಸಿ ಮಷೀನು ತಂದೆವು. ಸ್ಕೂಟರು ನಿಲ್ಲಿಸುತ್ತಿದ್ದ ಜಾಗದಲ್ಲಿ ಕೂತಿದೆ. ಅರಿಶಿನ ಕುಂಕುಮ ಹಚ್ಚಿ, ಮೊದಲು ಹಾಕಿದ್ದು ಹುಳಿ ಪುಡಿ. ಮೊದಲ ಪೊಟ್ಟಣ ಅಕ್ಕನಿಗೆ. ಜಯನಗರದ ಗಿರಾಕಿಗೆ ಎರಡನೆಯದು, ಪುಕ್ಕಟೆ, “ಇದರಲ್ಲಿ ತಲೆ ತೊಳೆಯಲಾಗದು” ಎಂಬ ಚೀಟಿಯೊಂದಿಗೆ.

ಪುಸ್ತಕ ಮಾತ್ರ ಬಂದಿಲ್ಲ. ಕಂಪನಿಯವರು ಮೇಲಿನ ಕೋರ್ಟಿಗೆ ಹೋಗಬಹುದಾದ ಅವಧಿ ಮುಗಿಯುವ ತನಕ ದಾಖಲೆಗಳು ಅಲ್ಲೇ ಇರಬೇಕಂತೆ. ನಾನು ಅರ್ಜಿ ಹಾಕಿದೆ, ಹೋಗಿ ಕೇಳಿದೆ, ಬೆಂಚ್ ಕ್ಲರ್ಕಿಗೆ ಚಟ್ನಿ ಪುಡಿ ಕೊಡಲು ಹೋದೆ. “ಅಯ್ಯೋ, ನಿಮ್ಮ ಕೈಯಿಂದ ಏನೂ ಇಸ್ಕೊಳ್ಳಲ್ಲಮ್ಮ, ಆಮೇಲೆ ಅದು ಯಾವುದಕ್ಕೆ ಜಮಾ ಆಗತ್ತೋ” ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು.

ಬೀರು ತೆಗೆದೆ. ಮೂವತ್ತೊಂದು ಕಣ. ಯಾವುದು ಯಾರದು? ಕುರುಡಿ ಹಾಗೆ ಸವರಿ ನೋಡಿದೆ. ಗುಲಾಬಿ ಎದುರು ಮನೆಯದು, ಅದು ಗೊತ್ತು, ಅದನ್ನು ಮರೆಯಲು ಸಾಧ್ಯವಿಲ್ಲ. ಉಳಿದದ್ದೆಲ್ಲ ಒಂದರ ಹಾಗೆ ಒಂದು. ಬೆಳಗಿನಿಂದ ಬಂದವರ ಮುಖ ನೋಡುತ್ತ, ದೇವರ ಮೇಲೆ ಭಾರ ಹಾಕಿ ಒಂದೊಂದನ್ನೇ ಕೊಟ್ಟೆ. ಪಕ್ಕದ ರಸ್ತೆಯ ಟೀಚರು ತಾಂಬೂಲ ಬಿಚ್ಚಿ ನೋಡಿ ಹುಬ್ಬು ಏರಿಸಿ ಹಾಗೇ ಮುಚ್ಚಿದರು. ಏನೋ ಎಡವಟ್ಟಾಯಿತು ಎಂದು ತಿಳಿಯಿತು.

ಸಂಜೆ ಅಕ್ಕ ಬಂದರು. ಬಟ್ಟೆ ಅಂಗಡಿಯ ಹುಡುಗಿಯನ್ನೂ ಜೊತೆಗೆ ಕರೆತಂದಿದ್ದರು. ಅವರಿಬ್ಬರಿಗೂ ಈಗ ಬಲು ಸ್ನೇಹ, ಅಕ್ಕ ಸೀರೆ ಕೊಳ್ಳುವುದು ಅವಳ ಅಂಗಡಿಯಲ್ಲೇ. ಅವಳು ಆ ಹಸಿರು ರವಿಕೆ ತೊಟ್ಟಿದ್ದಳು. ಇಬ್ಬರಿಗೂ ಒಬ್ಬಟ್ಟು ಹಾಕಿದೆ. ಹುಡುಗಿಗೆ ತಾಂಬೂಲ ಕೊಟ್ಟೆ, ಹನ್ನೊಂದು ರೂಪಾಯಿ ಇಟ್ಟು. ಈ ಸಲ ಹತ್ತರ ನೋಟಿನ ಕಂತೆಯನ್ನೇ ತರಿಸಿದ್ದೆ. “ಚೀಟಿ ಏನಾದ್ರೂ ಇದ್ಯೇನಮ್ಮ ಸಹಿ ಹಾಕೋಕೆ?” ಎಂದರೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ಅಕ್ಕನಿಗೆಂದು ನಾನು ಬಹಳ ಹುಡುಕಿ, ಇದಂತೂ ಖಂಡಿತ ಅವರದಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡು ಒಂದು ನೇರಳೆ ಕಣ ಎತ್ತಿಟ್ಟಿದ್ದೆ. ಕಲಶದ ಮುಂದೆ ಕೂರಿಸಿ, ಕುಂಕುಮ ಇಟ್ಟು, ಬಾಗಿ ಮಡಿಲಿಗೆ ಹಾಕಿದೆ. ಅವರು ಅಲ್ಲೇ ಎತ್ತಿ ಮಡಿಕೆ ಬಿಚ್ಚಿ, ಅಂಚನ್ನು ಹೆಬ್ಬೆರಳಿಂದ ಸವರಿ, ದೀಪದ ಬೆಳಕಿಗೆ ಹಿಡಿದರು.

“ತುಂಬಾ ಚೆನ್ನಾಗಿದೆ ಕಣೇ” ಎಂದರು ಅಕ್ಕ. ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಜಿಪ್ಪು ಎಳೆದರು. “ಬಣ್ಣ ಬಿಡುತ್ತೇನೋ ಅನ್ನೋ ಯೋಚನೇನೂ ಇಲ್ಲ. ಹೋದ ಗೌರಿ ಹಬ್ಬಕ್ಕೆ ನಾನೇ ಆರಿಸಿ ತಂದಿದ್ದು.”